ತಾತನ ಎಚ್‌ಎಎಲ್, ಮಕ್ಕಳ ಬಿಎಫ್‌ಸಿ

ನಮ್ಮ ಮನೆಗೆ ಫುಟ್‌ಬಾಲ್ ಬಂದದ್ದು ಕಾರ್ಖಾನೆಯ ಗೇಟಿನಿಂದ. ಅಪ್ಪ ವಿಮಾನ ತಯಾರಿಸುವ ಎಚ್‌ಎಎಲ್‌ನಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದರು. ಮ್ಯಾಚ್ ಇದ್ದ ದಿನ ಫಸ್ಟ್ ಶಿಫ್ಟ್ ಮುಗಿಸಿ ಬಂದವರು ಮನೆಯಲ್ಲಿ ಕೂರುತ್ತಲೇ ಇರಲಿಲ್ಲ. ಕಾಫಿ ಕುಡಿದು, ಅಂಗಿ ಬದಲಿಸಿ, ನನ್ನನ್ನು ಕರೆದುಕೊಂಡು ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂಗೆ ಹೊರಡುತ್ತಿದ್ದರು. ಅಣ್ಣನಿಗೆ ಕ್ರಿಕೆಟ್ ಹುಚ್ಚು. ಹಾಗಾಗಿ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಯಾವಾಗಲೂ ನನ್ನದೇ.

ಆಗ ಕಾರ್ಖಾನೆಗೊಂದು ಟೀಮ್ ಇತ್ತು, ಯಾವ ಟೀಮಿನ ಕಡೆ ಇರಬೇಕು ಅಂತ ಯಾರೂ ಯೋಚನೆ ಮಾಡುತ್ತಿರಲಿಲ್ಲ. ಅಪ್ಪ ಎಚ್‌ಎಎಲ್, ಆದ್ದರಿಂದ ನಾವೂ ಎಚ್‌ಎಎಲ್. ದೂರವಾಣಿನಗರದ ಮನೆಗಳೆಲ್ಲ ಐಟಿಐ. ಬಿಇಎಂಎಲ್ ಇತ್ತು, ಎಲ್‌ಆರ್‌ಡಿಇ ಇತ್ತು, ಮಿಲಿಟರಿಯವರ ಎಂಇಜಿ, ಎಎಸ್‌ಸಿ ಇದ್ದವು. ಆಡುವವರೂ ಅಲ್ಲಿನ ನೌಕರರೇ. ಇವತ್ತು ಗೋಲು ಹೊಡೆದ ಹುಡುಗ ನಾಳೆ ಕ್ಯಾಂಟೀನಿನಲ್ಲಿ ಅಪ್ಪನ ಹಿಂದೆ ತಟ್ಟೆ ಹಿಡಿದು ನಿಂತಿರುತ್ತಿದ್ದ. ಗೆದ್ದರೆ ಒಂದು ಲಾಡು ಜಾಸ್ತಿ ಹಾಕಿಸುತ್ತಿದ್ದರಂತೆ. ಅಭಿಮಾನ ಅಂತ ಬೇರೆ ಹೆಸರಿಟ್ಟು ಯಾರೂ ಮಕ್ಕಳಿಗೆ ಕಲಿಸುತ್ತಿರಲಿಲ್ಲ. ಅದು ಮನೆ ವಿಳಾಸದ ಜೊತೆಗೇ ಬರುತ್ತಿತ್ತು.

ಅಪ್ಪನ ಜೇಬಿನಲ್ಲಿ ಒಂದು ಸಣ್ಣ ಡೈರಿ ಇರುತ್ತಿತ್ತು. ಸ್ಟೇಡಿಯಂನಲ್ಲಿ ಕೂತ ತಕ್ಷಣ ಪುಟದ ಎಡಕ್ಕೆ ನಮ್ಮ ಹನ್ನೊಂದು ಜನ, ಬಲಕ್ಕೆ ಅವರ ಹನ್ನೊಂದು ಜನ. ಗೋಲಿ (ಗೋಲ್‌ಕೀಪರ್) ಕೆಳಗೆ, ಅವನ ಮೇಲೆ ಡಿಫೆಂಡರ್‌ಗಳು, ತುದಿಯಲ್ಲಿ ಫಾರ್ವರ್ಡ್‌ಗಳು. ಯಾರನ್ನಾದರೂ ಹೊರಗೆ ಕರೆದರೆ ಹೆಸರಿನ ಮೇಲೆ ಅಡ್ಡಗೆರೆ, ಪಕ್ಕದಲ್ಲಿ ಹೊಸಬನ ಹೆಸರು. ನಾನು ಚೆಂಡಿನ ಹಿಂದೆಯೇ ಕಣ್ಣು ಓಡಿಸುತ್ತಿದ್ದರೆ ಮೊಣಕೈಯಿಂದ ಮೆಲ್ಲಗೆ ತಟ್ಟುತ್ತಿದ್ದರು. "ಚೆಂಡನ್ನ ಎಲ್ಲರೂ ನೋಡ್ತಾರೆ ಪುಟ್ಟಿ. ಚೆಂಡಿಲ್ಲದವನು ಏನು ಮಾಡ್ತಿದಾನೆ ನೋಡು." ಇವತ್ತಿಗೂ ನನಗೆ ಫುಟ್‌ಬಾಲ್ ನೋಡುವ ಇನ್ನೊಂದು ದಾರಿ ಗೊತ್ತಿಲ್ಲ.

ಅರ್ಧ ಆಟ ಮುಗಿದಾಗ ಕಡಲೆಕಾಯಿ ತಿನ್ನುತ್ತಾ ಹಿಂದಿನ ಸಾಲಿನ ಹಿರಿಯರು ಹಳೇ ಕಥೆ ತೆಗೆಯುತ್ತಿದ್ದರು. ತಮಿಳು, ಉರ್ದು, ಕನ್ನಡ, ಎಲ್ಲ ಬೆರೆತ ನಮ್ಮ ದಂಡು ಪ್ರದೇಶದ ಮಾತು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ರೋವರ್ಸ್ ಕಪ್ ಅನ್ನುವ ಹಳೇ ಪಂದ್ಯಾವಳಿ ಗೆದ್ದದ್ದು, ಭಾರತೀಯರ ತಂಡವೊಂದು ಆ ಕಪ್ ಎತ್ತಿದ್ದು ಅದೇ ಮೊದಲು ಅನ್ನುವುದು, ಮರುವರ್ಷ ಮತ್ತೆ ಗೆದ್ದದ್ದು. ನಮ್ಮೂರಿನ ಅಹ್ಮದ್ ಖಾನ್ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆಡಿ, ಆಮೇಲೆ ಕೋಲ್ಕತ್ತದ ಈಸ್ಟ್ ಬೆಂಗಾಲ್‌ನಲ್ಲಿ ಪಂಚ ಪಾಂಡವರು ಅನ್ನಿಸಿಕೊಂಡ ಐವರು ಫಾರ್ವರ್ಡ್‌ಗಳಲ್ಲಿ ಒಬ್ಬರಾಗಿ ಮೆರೆದದ್ದು. ಆ ಹಿರಿಯರು ಇದನ್ನೆಲ್ಲ ನಿನ್ನೆ ನಡೆದ ಹಾಗೆ ಹೇಳುತ್ತಿದ್ದರು.

ಆಮೇಲೆ ಕಾರ್ಖಾನೆಗಳಲ್ಲಿ ಆಟಗಾರರಿಗೆ ಕೆಲಸ ಕೊಡುವುದು ಕಡಿಮೆಯಾಯಿತು. ಇದ್ದವರಿಗೆ ವಯಸ್ಸಾಯಿತು. ಎಚ್‌ಎಎಲ್ ದೇಶದ ಆಗಿನ ಅಗ್ರ ಲೀಗ್ ಆದ ಐ-ಲೀಗ್ ತನಕ ಹೋಗಿ ಕೆಳಗಿಳಿಯಿತು. ಅಪ್ಪ ರಿಟೈರ್ ಆದರು. ನನಗೂ ಕೆಲಸ, ಮದುವೆ. ಮನೆಯಲ್ಲಿ ಫುಟ್‌ಬಾಲ್ ಅಂದರೆ ರಾತ್ರಿ ಟಿವಿಯಲ್ಲಿ ಬರುವ ಇಂಗ್ಲೆಂಡಿನ ಆಟ ಅನ್ನುವ ಹಾಗಾಯಿತು.

2013ರ ಜುಲೈನಲ್ಲಿ ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಅನ್ನುವ ಕ್ಲಬ್ ಶುರುವಾಯಿತು. ಅದೇ ವರ್ಷ ನನ್ನ ಮಗಳು ಹುಟ್ಟಿದಳು. ಸೆಪ್ಟೆಂಬರಿನಲ್ಲಿ ಮೊದಲ ಮ್ಯಾಚ್, ಎದುರಿಗೆ ಮೋಹನ್ ಬಾಗನ್, ಅದೇ ಅಶೋಕನಗರದ ಸ್ಟೇಡಿಯಂ. ಅಪ್ಪ ಒಬ್ಬರೇ ಹೋಗಿ ಬಂದರು. 1-1. ಬಂದವರೇ ಚಪ್ಪಲಿ ಬಿಡುವ ಮೊದಲೇ ಬಾಗಿಲಲ್ಲಿ ನಿಂತು ಹೇಳಿದರು: "ಆಡ್ತಾರೆ ಕಣಮ್ಮ ಇವರು." ಅಪ್ಪ ಸುಮ್ನೆ ಹೊಗಳುವವರಲ್ಲ. ಆಶ್ಲೀ ವೆಸ್ಟ್‌ವುಡ್ ಕೋಚ್ ಆಗಿದ್ದ ಆ ತಂಡ ಮೊದಲ ಸೀಸನ್‌ನಲ್ಲೇ ಐ-ಲೀಗ್ ಗೆದ್ದುಬಿಟ್ಟಿತು.

ಅಲ್ಲಿಂದ ನನ್ನ ತಲೆಯಲ್ಲಿ ಒಂದು ವಿಷಯ ಕೂತಿದೆ. ಕೋಲ್ಕತ್ತದಲ್ಲಿ ಮೋಹನ್ ಬಾಗನ್ ಅಭಿಮಾನಿಗಳ ಮನೆಯಲ್ಲಿ ಮಗು ಹುಟ್ಟಿದರೆ, ಆ ಮಗುವಿಗೆ ಮುತ್ತಾತನ ಕಾಲದ ಕಥೆ ರೆಡಿ ಇರುತ್ತದೆ. ಆ ಕ್ಲಬ್ ಹುಟ್ಟಿದ್ದು 1889ರಲ್ಲಿ. ನಮ್ಮ ಕ್ಲಬ್‌ಗೆ ತಾತಂದಿರೇ ಇಲ್ಲ. ಕಾರ್ಖಾನೆ ಕ್ವಾರ್ಟರ್ಸ್ ಕೂಡ ಇಲ್ಲ. ತಾನಾಗಿಯೇ ಮುಂದಿನವರಿಗೆ ಹೋಗುತ್ತದೆ ಅಂತ ಕೂತರೆ ಹೋಗುವುದಿಲ್ಲ. ಇವತ್ತು ಕಂಠೀರವ ಸ್ಟೇಡಿಯಂನಲ್ಲಿ ನಮ್ಮ ಕ್ಲಬ್‌ನ ನೀಲಿ ಅಂಗಿ ಹಾಕಿ ಕೂಗುತ್ತಿರುವವರೇ ಮೊದಲ ತಲೆಮಾರು. ಮಕ್ಕಳ ಕೈ ಹಿಡಿದು ಕರೆದುಕೊಂಡು ಹೋಗಬೇಕಾದವರು ನಾವೇ. ಬೇರೆ ಯಾರೂ ಬರುವುದಿಲ್ಲ.

ನಮ್ಮ ಮನೆಯಿಂದ ಈಗ ಹೋಗುವುದು ನಾನು, ಮಗಳು, ಅಣ್ಣನ ಮಗ. ಕಾಲು ನೋವು ಜಾಸ್ತಿ ಇಲ್ಲದಿದ್ದರೆ ಅಪ್ಪನೂ ಬರುತ್ತಾರೆ. ಇಂದಿರಾನಗರದಲ್ಲಿ ಮೆಟ್ರೊ ಹತ್ತಿ ಕಬ್ಬನ್ ಪಾರ್ಕ್‌ನಲ್ಲಿ ಇಳಿದು, ಕಸ್ತೂರ್ಬಾ ರಸ್ತೆಯಲ್ಲಿ ಮ್ಯೂಸಿಯಂ ದಾಟಿ ನಡೆಯುತ್ತೇವೆ. ಆ ನಡಿಗೆ ನನಗೆ ಮ್ಯಾಚ್‌ನಷ್ಟೇ ಮುಖ್ಯ. ದಾರಿಯಲ್ಲಿ ಒಬ್ಬೊಬ್ಬರೇ ನೀಲಿ ಅಂಗಿಯವರು ಸೇರಿಕೊಳ್ಳುತ್ತಾ ಹೋಗುತ್ತಾರೆ. ಮಕ್ಕಳು ಅವರ ಬೆನ್ನಿನ ಮೇಲಿನ ಹೆಸರು ಓದುತ್ತಾರೆ.

ಅಣ್ಣನ ಮಗ ಮೊದಲ ಸಲ ಬಂದದ್ದು ಮೆಸ್ಸಿಯ ಅರ್ಜೆಂಟೀನಾ ಅಂಗಿ ಹಾಕಿಕೊಂಡು. ಗೇಟಿನ ಹತ್ತಿರ ಒಬ್ಬರು "ಏನಪ್ಪಾ ಇದು" ಅಂದರು. ಅವನ ಮುಖ ಸಣ್ಣದಾಯಿತು. ದಯವಿಟ್ಟು ಹೀಗೆ ಮಾಡಬೇಡಿ ಅಂತ ನಾನು ಎಲ್ಲರಲ್ಲೂ ಕೇಳಿಕೊಳ್ಳುತ್ತೇನೆ. ಒಂಬತ್ತು ವರ್ಷದ ಹುಡುಗನಿಗೆ ಮೆಸ್ಸಿ ಇಷ್ಟ ಅಂದರೆ ಅವನಿಗೆ ಫುಟ್‌ಬಾಲ್ ಇಷ್ಟ ಅಂತ ಅರ್ಥ. ಅರ್ಧ ದಾರಿ ಅವನೇ ನಡೆದು ಬಂದಿದ್ದಾನೆ. ಅವತ್ತು ಅವನ ಕೈಗೆ ಒಂದು ಪೆನ್ಸಿಲ್, ಶಾಲೆಯ ರಫ್ ನೋಟ್‌ಬುಕ್ ಕೊಟ್ಟೆವು. ಹನ್ನೊಂದು ಹೆಸರು ಬರಿ ಅಂದೆವು. ಗೋಲಿ ಕೆಳಗೆ, ನಮ್ಮ ಫಾರ್ವರ್ಡ್ ಸುನಿಲ್ ಛೆಟ್ರಿ ಮೇಲೆ. ಗೋಲಿ ಗುರ್‌ಪ್ರೀತ್ ಸಿಂಗ್ ಸಂಧು ಅನ್ನುವ ಹೆಸರು ಅಷ್ಟು ಉದ್ದ ಇದೆಯಲ್ಲ, ಪುಟದಲ್ಲಿ ಹಿಡಿಸಲಿಲ್ಲ, ಎರಡು ಸಾಲು ಮಾಡಿದ. ಅರ್ಧ ಆಟದ ಹೊತ್ತಿಗೆ "ಅತ್ತೆ, ಆ ಲೆಫ್ಟ್ ಬ್ಯಾಕ್ ಯಾಕೆ ಮೇಲೇ ಇದಾನೆ, ಅವನ ಜಾಗ ಖಾಲಿ ಇದೆಯಲ್ಲ" ಅಂತ ಕೇಳಿದ. ಅಪ್ಪ ನನ್ನ ಕಡೆ ತಿರುಗಿ ನೋಡಿದರು. ಆ ನೋಟದಲ್ಲಿ ಇದ್ದ ಸಂತೋಷ ನನಗೆ ಮಾತ್ರ ಗೊತ್ತು.

ಡೋಲು ಬಡಿದು ಹಾಡುವ ಅಭಿಮಾನಿಗಳು ಕೂರುವ ವೆಸ್ಟ್ ಬ್ಲಾಕ್‌ನಲ್ಲಿ ಸಣ್ಣ ಮಕ್ಕಳನ್ನು ಡೋಲಿನ ಪಕ್ಕದಲ್ಲೇ ಕೂರಿಸಬೇಡಿ. ಆ ಸದ್ದಿಗೆ ಕೆಲವರು ಹೆದರಿ ಮತ್ತೆ ಬರುವುದೇ ಇಲ್ಲ. ಸ್ವಲ್ಪ ಮೇಲಿನ ಸಾಲಿನಲ್ಲಿ ಕೂತರೆ ಒಳ್ಳೆಯದು. ಕಂಠೀರವದಲ್ಲಿ ಸುತ್ತ ಓಟದ ಟ್ರ್ಯಾಕ್ ಇರುವುದರಿಂದ ಮೈದಾನ ದೂರ, ಮೇಲಿನಿಂದಲೇ ಆಟ ಚೆನ್ನಾಗಿ ಕಾಣುತ್ತದೆ. ಕೂಗುವವರು ಸಾಲು ಸಾಲಾಗಿ ಕುಣಿಯುವುದನ್ನೂ ನೋಡಬಹುದು. ಆಗಾಗ ಬೈಗುಳವೂ ಕೇಳಿಸುತ್ತದೆ. ನಮ್ಮ ಮನೆಯಲ್ಲಿ ಮಾತು ಒಂದೇ: ನಮ್ಮವರಿಗಾಗಿ ಎಷ್ಟು ಬೇಕಾದರೂ ಕೂಗು, ಅವರನ್ನು ಬೈಯಬೇಡ. ಮಗಳು ಮುಂದಿನ ಸಾಲಿನ ಕಾಲೇಜು ಹುಡುಗರಿಗೂ ಇದನ್ನು ಹೇಳಿದ್ದಾಳೆ. ಅವರು ಕೇಳಿದರು ಕೂಡ.

ಇನ್ನೊಂದು, ಕೊನೆಯ ಸೀಟಿ ತನಕ ಎದ್ದು ಹೋಗುವ ಹಾಗಿಲ್ಲ. ಟ್ರಾಫಿಕ್ ಅಂತ 80ನೇ ನಿಮಿಷಕ್ಕೆ ಎದ್ದು ಹೋಗುವ ಅಪ್ಪ ಅಮ್ಮಂದಿರನ್ನು ನೋಡಿದರೆ ನನಗೆ ಬೇಜಾರಾಗುತ್ತದೆ. ಆಟ ಮುಗಿದ ಮೇಲೆ ಆಟಗಾರರು ವೆಸ್ಟ್ ಬ್ಲಾಕ್ ಮುಂದೆ ಬಂದು ನಿಂತು ಎಲ್ಲರ ಜೊತೆ ಚಪ್ಪಾಳೆ ತಟ್ಟುತ್ತಾರಲ್ಲ, ಮಕ್ಕಳಿಗೆ ನೆನಪಿನಲ್ಲಿ ಉಳಿಯುವುದು ಅದು. ಸೋತ ದಿನವೂ ಬರುತ್ತಾರೆ. ತಲೆ ತಗ್ಗಿಸಿ ಬರುತ್ತಾರೆ, ಆದರೆ ಬರುತ್ತಾರೆ. ನಾವು ಹೋಗಿಬಿಟ್ಟಿದ್ದರೆ ಯಾರ ಮುಂದೆ ನಿಲ್ಲಬೇಕು ಅವರು?

ಮಕ್ಕಳಿಗೆ ಗೆದ್ದ ಕಥೆ ಮಾತ್ರ ಹೇಳಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನಮ್ಮನೆಯಲ್ಲಿ ಜಾಸ್ತಿ ಹೇಳುವುದು 2015ರ ಮೇ 31ರ ಕಥೆ. ಕಂಠೀರವ, ಐ-ಲೀಗಿನ ಕೊನೆಯ ಮ್ಯಾಚ್, ಮತ್ತೆ ಮೋಹನ್ ಬಾಗನ್. ನಾವು ಗೆಲ್ಲಲೇಬೇಕು, ಅವರಿಗೆ ಡ್ರಾ ಸಾಕು. ಜಾನ್ ಜಾನ್ಸನ್ ಗೋಲು ಹೊಡೆದರು, ಸ್ಟೇಡಿಯಂ ಹುಚ್ಚೆದ್ದಿತು. ಇನ್ನೇನು ಕೆಲವೇ ನಿಮಿಷ ಇದೆ ಅನ್ನುವಾಗ ಕಾರ್ನರ್, ಬಾಗನ್‌ನ ಬೆಲೊ ರಜಾಕ್ ತಲೆಯಿಂದ ಗೋಲು ಹೊಡೆದರು. 1-1. ಕಪ್ ಕೋಲ್ಕತ್ತಕ್ಕೆ ಹೋಯಿತು. ಅಪ್ಪ ಡೈರಿಯ ಆ ಪುಟದಲ್ಲಿ ಬೆಲೊ ಹೆಸರಿನ ಸುತ್ತ ಒಂದು ಸುತ್ತು ಹಾಕಿದ್ದಾರೆ, ಅಷ್ಟೇ. 2018ರ ಮಾರ್ಚ್‌ನಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್ ಕೂಡ ನಮ್ಮ ಅಂಗಳದಲ್ಲೇ ಆಯಿತು, ಚೆನ್ನೈಯಿನ್ 3-2ರಿಂದ ಗೆದ್ದಿತು. ಇವನ್ನು ಕೇಳಿ ಬೆಳೆದ ಮಗುವಿಗೇ 2019ರಲ್ಲಿ ಮುಂಬೈಯಲ್ಲಿ ರಾಹುಲ್ ಭೆಕೆ ಎಕ್ಸ್‌ಟ್ರಾ ಟೈಮ್‌ನಲ್ಲಿ ಹೊಡೆದು ನಮಗೆ ಐಎಸ್‌ಎಲ್ ಗೆಲ್ಲಿಸಿಕೊಟ್ಟ ಹೆಡರ್‌ನ ರುಚಿ ಸಿಗುವುದು.

ಗೆದ್ದ ಕಥೆಗಳಲ್ಲಿ ನನ್ನದು 2016ರ ಅಕ್ಟೋಬರ್ 19. ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಸೆಮಿಫೈನಲ್, ಎದುರಿಗೆ ಹಿಂದಿನ ವರ್ಷದ ಚಾಂಪಿಯನ್ ಮಲೇಷ್ಯಾದ ಜೊಹೊರ್ ತಂಡ. ಮೊದಲ ಗೋಲು ಅವರದೇ. ಆಮೇಲೆ ಛೆಟ್ರಿ ಒಂದು, ಛೆಟ್ರಿ ಇನ್ನೊಂದು, ಹುವಾನಾನ್ ಮೂರನೆಯದು. ಭಾರತದ ಕ್ಲಬ್ ಒಂದು ಆ ಫೈನಲ್ ತಲುಪಿದ್ದು ಅದೇ ಮೊದಲು. ಮಗಳು ಆಗ ಮೂರು ವರ್ಷದವಳು, ಅವಳ ಅಪ್ಪನ ಹೆಗಲ ಮೇಲೆ ಕೂತಿದ್ದಳು. ಅವಳಿಗೆ ನೆನಪಿಲ್ಲ. ಆದರೆ ಸ್ನೇಹಿತರಿಗೆ ಹೇಳುವಾಗ "ನಾನಿದ್ದೆ" ಅನ್ನುತ್ತಾಳೆ. ಅನ್ನಲಿ, ಇದ್ದಳಲ್ಲ.

2023ರ ಮಾರ್ಚ್ 3ರಂದು ತಾತ ಮೊಮ್ಮಗಳಿಗೆ ದೊಡ್ಡ ಜಗಳ. ಕೇರಳ ಬ್ಲಾಸ್ಟರ್ಸ್ ವಿರುದ್ಧ ನಾಕೌಟ್, ಎಕ್ಸ್‌ಟ್ರಾ ಟೈಮ್. ಅವರ ಆಟಗಾರರು ಸಾಲಾಗಿ ನಿಂತು ಗೋಡೆ ಕಟ್ಟುವ ಮೊದಲೇ ಛೆಟ್ರಿ ಫ್ರೀ ಕಿಕ್ ಒದ್ದು ಗೋಲು ಮಾಡಿದರು. ರೆಫರಿ ಒಪ್ಪಿದರು, ಬ್ಲಾಸ್ಟರ್ಸ್ ಮೈದಾನ ಬಿಟ್ಟು ಹೋದರು. ಅಪ್ಪ ಹೇಳಿದ್ದು: "ಸೀಟಿ ಕಾಯಬೇಕಾಗಿಲ್ಲ, ರೂಲ್ಸ್ ಇದೆ. ಎಚ್ಚರ ತಪ್ಪಿದ್ದು ಅವರದು." ಮಗಳು ಒಪ್ಪಲಿಲ್ಲ. ಅವಳ ಪಕ್ಕದ ಬೆಂಚಿನ ಗೆಳತಿ ಬ್ಲಾಸ್ಟರ್ಸ್ ಕಡೆಯವಳು. "ಎದುರಿಗೆ ಯಾರೂ ಇಲ್ಲದೆ ಗೆದ್ದರೆ ಏನು ತಾತ ಖುಷಿ?" ಇಬ್ಬರೂ ಊಟದ ತನಕ ಬಿಡಲಿಲ್ಲ. ನಾನು ಮಧ್ಯೆ ಬರಲಿಲ್ಲ. ನನ್ನ ಮಟ್ಟಿಗೆ ಅಪ್ಪ ಹೇಳಿದ್ದೇ ಸರಿ, ಆದರೆ ಹತ್ತು ವರ್ಷದ ಹುಡುಗಿ ತನ್ನ ತಂಡದ ಗೆಲುವನ್ನೇ ಪ್ರಶ್ನೆ ಮಾಡಿದಳಲ್ಲ, ಅದು ನನಗೆ ಹೆಮ್ಮೆ.

ಮರುದಿನವೇ ರಿಯಾದ್‌ನಲ್ಲಿ ಕರ್ನಾಟಕ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಿತು, ಮೇಘಾಲಯದ ಮೇಲೆ 3-2. 54 ವರ್ಷಗಳ ನಂತರ. ಹಿಂದೆ ಗೆದ್ದಾಗ ರಾಜ್ಯದ ಹೆಸರು ಇನ್ನೂ ಮೈಸೂರು, ಅಪ್ಪ ಆಗಷ್ಟೇ ಕೆಲಸಕ್ಕೆ ಸೇರಿದ ಹುಡುಗ. ಅಪ್ಪ ಟಿವಿ ಮುಂದೆ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹಿಂದಿನ ರಾತ್ರಿಯ ಜಗಳ ಮರೆತು ಮಗಳು ಅವರ ಕುತ್ತಿಗೆಗೆ ಜೋತುಬಿದ್ದಳು.

2025ರ ಜುಲೈನಲ್ಲಿ ಐಎಸ್‌ಎಲ್ ಸೀಸನ್ ತಡೆಹಿಡಿದಿದ್ದಾರೆ ಅನ್ನುವ ಸುದ್ದಿ ಬಂತು. ಲೀಗ್ ನಡೆಸುವ ಒಪ್ಪಂದ ಮುಂದುವರಿಯುವುದು ಖಚಿತವಾಗಿರಲಿಲ್ಲ. ಆಗಸ್ಟ್‌ನಲ್ಲಿ ನಮ್ಮ ಕ್ಲಬ್ ಆಟಗಾರರ, ಸಿಬ್ಬಂದಿಯ ಸಂಬಳ ನಿಲ್ಲಿಸಿತು. ಮಕ್ಕಳಿಗೆ ಇದನ್ನು ಹೇಗೆ ಹೇಳುವುದು? "ಅತ್ತೆ, ಮ್ಯಾಚ್ ಯಾವಾಗ?" ಅಂತ ಅಣ್ಣನ ಮಗ ಫೋನ್ ಮಾಡುತ್ತಿದ್ದ. ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಕ್ಲಬ್ ಅಂದರೆ ದುಡ್ಡು ಹಾಕುವವರು ಬೇಕು, ಲೀಗ್ ನಡೆಸುವವರು ಬೇಕು, ಅದು ನಿಂತರೆ ಆಟಗಾರರ ಮನೆಯಲ್ಲೂ ಕಷ್ಟ ಅಂತ. ಅವನು ತುಂಬಾ ಹೊತ್ತು ಯೋಚಿಸಿ "ಗುರ್‌ಪ್ರೀತ್‌ಗೂ ಸಂಬಳ ಇಲ್ವಾ?" ಅಂದ. ಆಗ ನನ್ನ ಗಂಟಲು ಕಟ್ಟಿತು.

ಆಗ ಅಪ್ಪನೇ ದಾರಿ ತೋರಿಸಿದ್ದು. ಅಶೋಕನಗರಕ್ಕೆ ಕರೆದುಕೊಂಡು ಹೋಗು ಅಂದರು. ಬಿಎಫ್‌ಸಿಯ ಕಿರಿಯರ ತಂಡ ಅಲ್ಲಿ ರಾಜ್ಯ ಫುಟ್‌ಬಾಲ್ ಸಂಸ್ಥೆಯ (ಕೆಎಸ್‌ಎಫ್‌ಎ) ಲೀಗ್ ಆಡುತ್ತದೆ. ಈಗ ಅಲ್ಲಿ ಹುಲ್ಲಿಲ್ಲ, ಟರ್ಫ್ ಇದೆ. ಜನ ಕಡಿಮೆ. ಆದರೆ ಆಟಗಾರ ಕೂಗಿದ್ದು ಕೇಳಿಸುತ್ತದೆ, ಚೆಂಡಿಗೆ ಬೂಟು ತಾಗಿದ ಸದ್ದು ಕೇಳಿಸುತ್ತದೆ, ಕೋಚ್ ಯಾರಿಗೆ ಏನು ಹೇಳಿದರು ಅನ್ನುವುದೂ ಗೊತ್ತಾಗುತ್ತದೆ. ಕಂಠೀರವದಲ್ಲಿ ಕಾಣದ ಎಷ್ಟೋ ವಿಷಯ ಅಲ್ಲಿ ಮಕ್ಕಳಿಗೆ ಕಂಡಿತು. ಒಬ್ಬ ಹುಡುಗ, ಹದಿನೆಂಟು ಇರಬಹುದು, ಆಟ ಮುಗಿಸಿ ಬಂದವನು ಅಣ್ಣನ ಮಗನ ನೋಟ್‌ಬುಕ್‌ನಲ್ಲಿ ತನ್ನ ಹೆಸರು ತಪ್ಪಾಗಿರುವುದು ನೋಡಿ, ಪೆನ್ಸಿಲ್ ತೆಗೆದುಕೊಂಡು ತಾನೇ ಸರಿ ಮಾಡಿ ಕೊಟ್ಟ. ಅವನೇ ಈಗ ಇವನ ಹೀರೊ. ಮೆಸ್ಸಿ ಅಂಗಿ ಇದೆ, ಇರಲಿ.

ಬೆಂಗಳೂರಿನಲ್ಲಿ ಇರುವವರು ಯಾರಾದರೂ ಮಕ್ಕಳನ್ನು ಮೊದಲ ಸಲ ಕರೆದುಕೊಂಡು ಬರಬೇಕು ಅಂತಿದ್ದರೆ ಫೈನಲ್‌ಗೆ ಕಾಯಬೇಡಿ. ವಾರದ ಮಧ್ಯದ ಒಂದು ಸಾಮಾನ್ಯ ಲೀಗ್ ಮ್ಯಾಚ್‌ಗೆ ಬನ್ನಿ. ಒಬ್ಬರೇ ಕರೆದುಕೊಂಡು ಬರಲು ಕಷ್ಟ ಅನ್ನಿಸಿದರೆ ಕೆಳಗೆ ಬರೆಯಿರಿ, ಕಬ್ಬನ್ ಪಾರ್ಕ್ ಸ್ಟೇಷನ್‌ನಿಂದ ಒಟ್ಟಿಗೇ ನಡೆದುಕೊಂಡು ಹೋಗೋಣ. ಮಕ್ಕಳಿಗೆ ಒಂದು ನೋಟ್‌ಬುಕ್ ಮಾತ್ರ ಮರೆಯದೆ ತನ್ನಿ. ಪೆನ್ಸಿಲ್ ನಮ್ಮ ಹತ್ತಿರ ಜಾಸ್ತಿ ಇರುತ್ತದೆ.