ಸಿಗರೇಟು ಬಿಡಿಸಲು ವೇಪ್ ಕೊಡುವ ನರ್ಸ್

ಇಂಗ್ಲೆಂಡಿನ ಲೆಸ್ಟರ್‌ನ ನಮ್ಮ ಕ್ಲಿನಿಕ್ಕಿಗೆ ನಲವತ್ತು ವರ್ಷ ಸಿಗರೇಟು ಸೇದಿದ ಲಾರಿ ಡ್ರೈವರೊಬ್ಬರು ಬಂದಿದ್ದರು. ಸಿಗರೇಟಿನ ಹೊಗೆಯಿಂದ ಉಸಿರಿಗೆ ಸೇರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್ ಅಳೆಯುವ ಪುಟ್ಟ ಯಂತ್ರ ಕೈಗಿತ್ತು, ಹದಿನೈದು ಸೆಕೆಂಡು ಉಸಿರು ಬಿಗಿಹಿಡಿದು ಊದಿ ಅಂದೆ. 27 ಬಂತು. ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್, ಅಗಿಯುವ ನಿಕೋಟಿನ್ ಗಮ್ ಎಲ್ಲ ಹಿಂದೆಯೇ ನೋಡಿ ಸೋತಿದ್ದವರು. ವೇಪ್ ಕಿಟ್, ಅಂದರೆ ನಿಕೋಟಿನ್ ದ್ರವವನ್ನು ಬಿಸಿಮಾಡಿ ಆವಿ ಎಳೆಯುವ ಇ-ಸಿಗರೇಟು, ಕೊಟ್ಟು ಕಳಿಸಿದೆ. ನಾಲ್ಕು ವಾರ ಕಳೆದು ಬಂದು ಊದಿದರೆ 3! ಕೈ ನಡುಗುತ್ತಿದ್ದರೂ ಆ ಅಂಕಿಯ ಫೋಟೊ ತೆಗೆದು ಮಗಳಿಗೆ ಕಳಿಸಿದರು.

ಇದನ್ನು ಹಾಸನದ ಅಮ್ಮನಿಗೆ ಫೋನಿನಲ್ಲಿ ಹೇಳಿದೆ. "ನರ್ಸ್ ಆಗಿ ನೀನೇ ಸೇದೋಕೆ ಕೊಡ್ತೀಯೇನೇ? ಇಲ್ಲಿ ಅದನ್ನ ಮಾರಿದ್ರೆ ಜೈಲಂತೆ!" ಅಂದಳು.

ಅವಳು ಕೇಳಿದ್ದರಲ್ಲಿ ತಪ್ಪಿಲ್ಲ. ಭಾರತದಲ್ಲಿ 2019ರಿಂದ ಇ-ಸಿಗರೇಟಿನ ಮಾರಾಟ, ಆಮದು ಎಲ್ಲ ನಿಷೇಧ. ಇಲ್ಲಿ 2023ರಲ್ಲಿ ಸರ್ಕಾರವೇ ಹತ್ತು ಲಕ್ಷ ಜನರಿಗೆ ಕಿಟ್ ಕೊಡುವ ಯೋಜನೆ ಘೋಷಿಸಿತು. ತಂಬಾಕು ಉರಿದಾಗ ಏಳುವ ಟಾರ್, ವಿಷಾನಿಲಗಳೇ ಮುಖ್ಯವಾಗಿ ಕೊಲ್ಲುವುದು. ವೇಪ್‌ನಲ್ಲಿ ಏನೂ ಉರಿಯುವುದಿಲ್ಲ. ಆದರೆ ಚಟ ಹಿಡಿಸುವ ನಿಕೋಟಿನ್ ಹಾಗೇ ಇರುತ್ತದೆ. 2019ರಲ್ಲಿ ಇಲ್ಲಿನ 886 ಜನರ ಮೇಲೆ ನಡೆದ ಅಧ್ಯಯನದ ಫಲಿತಾಂಶ ಬಂತು. ವರ್ಷ ಕಳೆದಾಗ ವೇಪ್ ಸಿಕ್ಕವರಲ್ಲಿ ಶೇ 18, ಪ್ಯಾಚ್-ಗಮ್‌ನಂಥವು ಸಿಕ್ಕವರಲ್ಲಿ ಶೇ 9.9 ಮಂದಿ ಸಿಗರೇಟು ಬಿಟ್ಟಿದ್ದರು. ಆದರೆ ವೇಪ್‌ನಿಂದ ಬಿಟ್ಟವರಲ್ಲಿ ನೂರಕ್ಕೆ 80 ಮಂದಿ ಆಗಲೂ ವೇಪ್ ಎಳೆಯುತ್ತಲೇ ಇದ್ದರು.

ನನಗೆ ನಿದ್ದೆ ಕೆಡಿಸುವುದು ಆ 80. ನಮ್ಮಲ್ಲಿ ಹನ್ನೆರಡು ವಾರಕ್ಕೆ ಫೈಲ್ ಮುಚ್ಚುತ್ತಾರೆ. ಸಿಗರೇಟು ಬಿಡಿಸಿದ ಲೆಕ್ಕ ಸಿಗುತ್ತದೆ, ವೇಪ್ ಬಿಡಿಸುವುದು ಯಾರ ಜವಾಬ್ದಾರಿ? ಕೊಟ್ಟ ಕೈಯೇ ಅದನ್ನೂ ಬಿಡಿಸಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಹಾಗಾಗಿ ಕಿಟ್ ಕೊಡುವ ದಿನವೇ ಹೇಳಿಬಿಡುತ್ತೇನೆ: ಸಿಗರೇಟಿಗಿಂತ ಹಾನಿ ಬಹಳ ಕಮ್ಮಿ, ಹಾನಿಯೇ ಇಲ್ಲ ಅಂತಲ್ಲ; ಮೂವತ್ತು ವರ್ಷ ಎಳೆದರೆ ಏನಾಗುತ್ತದೆಂದು ಇನ್ನೂ ಯಾರೂ ನೋಡಿಲ್ಲ. ಸಿಗರೇಟು ಸೇದದ ಹುಡುಗರು ಕೇಳಿಕೊಂಡು ಬಂದರೆ ಖಂಡಿತ ಕೊಡುವುದಿಲ್ಲ.

"ಹಂಗಾದ್ರೆ ನಿನ್ನ ಮಾವನಿಗೂ ಒಂದು ತರ್ತೀಯಾ?" ಅಂದಳು ಅಮ್ಮ. ಮಾವ ಬೀಡಿ ಬಿಡಲಾಗದೆ ಒದ್ದಾಡುತ್ತಿದ್ದಾನೆ. ತರುವುದಿಲ್ಲ ಅಂದೆ. ಕಾನೂನಂತೂ ಇದೆ, ಜೊತೆಗೆ, ಕದ್ದು ಮಾರುವ ವೇಪ್‌ನಲ್ಲಿ ನಿಕೋಟಿನ್ ಎಷ್ಟಿದೆ ಅಂತ ಅಲ್ಲಿ ನೋಡುವವರಿಲ್ಲ. ಇಲ್ಲಿ ಮಿಲಿಲೀಟರಿಗೆ 20 ಮಿಲಿಗ್ರಾಂ ದಾಟುವಂತಿಲ್ಲ. ಮಾವನಿಗೆ ತಂಬಾಕು ಬಿಡಿಸುವ ಸರ್ಕಾರದ ಉಚಿತ ಸಹಾಯವಾಣಿ 1800-11-2356 ಬರೆಸಿದೆ.

ಡ್ರೈವರ್ ಮುಂದಿನ ಮಂಗಳವಾರ ಬರುತ್ತಾರೆ. ವೇಪ್‌ನ ನಿಕೋಟಿನ್ 20ರಿಂದ 12 ಮಿಲಿಗ್ರಾಂಗೆ ಇಳಿಸೋಣ ಅಂದಿದ್ದೇನೆ, ಅವರಿನ್ನೂ ಒಪ್ಪಿಲ್ಲ.