ಮಳೆಗಾಲದಲ್ಲಿ ಎಂಥ ಸುಗ್ಗಿ?

ಈ ವಾರ ಮಳೆಯಿಂದಾಗಿ ಶಾಲೆಗಳಿಗೆ ಮತ್ತೆ ಮತ್ತೆ ರಜೆ. ಜಿಲ್ಲಾಧಿಕಾರಿಗಳ ಆದೇಶ ವಾಟ್ಸಾಪ್‌ನಲ್ಲಿ ಬಂದದ್ದೇ ತಡ, ಮಕ್ಕಳು ಕುಣಿದರು. ಮಂಡ್ಯದಿಂದ ಬಂದಿದ್ದ ಭಾವ ನಕ್ಕು, "ರಜೆಯ ಸುಗ್ಗಿಯೋ ಸುಗ್ಗಿ ಬಿಡಿ!" ಎಂದರು.

ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದ ದೊಡ್ಡಪ್ಪ ತಲೆ ಎತ್ತಿದರು. "ಈಗ ಎಂಥ ಸುಗ್ಗಿ ಮಾರಾಯ್ರೆ? ಏಣೆಲಿನ ನೇಜಿಯೇ ನೀರಲ್ಲಿ ಮುಳುಗಿ ಉಂಟು." ನೇಜಿ ಎಂದರೆ ನಮ್ಮಲ್ಲಿ ಭತ್ತದ ಸಸಿ.

ಭಾವ ಒಳ್ಳೆಯವರು, ಸ್ವಲ್ಪ ಮಾತು ಜಾಸ್ತಿ. ಆ ಕ್ಷಣ ಮಾತ್ರ ಬಾಯಿ ಕಟ್ಟಿತು. ಅವರ ಊರಲ್ಲಿ ಸುಗ್ಗಿ ಎಂದರೆ ಸಂಕ್ರಾಂತಿ, ಕಣ, ರಾಶಿ ಪೂಜೆ. ಉಡುಪಿಯ ಕಟಪಾಡಿ ಕಡೆಯ ನಮಗೆ ಅದು ಭತ್ತದ ಒಂದು ಬೆಳೆ. ಮಳೆಗಾಲದ್ದು ಏಣೆಲು, ಆಮೇಲಿನದು ಸುಗ್ಗಿ, ಬೇಸಿಗೆಯದು ಕೊಳಕೆ. ಎತ್ತರದ ಬೆಟ್ಟು ಗದ್ದೆಗೆ ಏಣೆಲು ಒಂದೇ, ನಡುವಿನ ಮಜಲಿಗೆ ಎರಡು, ತಗ್ಗಿನ ಬೈಲಿಗೆ ಮೂರೂ. ಮನೆಯ ಭತ್ತದ ಪತ್ತಾಯ ತುಂಬಿಸುತ್ತಿದ್ದದ್ದು ಏಣೆಲು. ಸುಗ್ಗಿ ಎಂದರೆ ದೊಡ್ಡಪ್ಪನಿಗೆ ಮೊದಲು ನೆನಪಾಗುವುದು ದುಡಿತ. ತೋಡಿಗೆ, ಅಂದರೆ ಹಳ್ಳಕ್ಕೆ, ಅಡ್ಡ ಮಣ್ಣಿನ ಕಟ್ಟ ಹಾಕಬೇಕು, ಮಣ್ಣು ಹೊರಬೇಕು, ನೀರಿಗಾಗಿ ಪಕ್ಕದ ಗದ್ದೆಯವರ ಹತ್ತಿರ ಜಗಳ ಬೇರೆ.

"ಈಗ ಎಂಥ ಸುಗ್ಗಿ?" ಆ ಪ್ರಶ್ನೆ ನನ್ನ ಕಿವಿಯಿಂದ ಹೋಗಲೇ ಇಲ್ಲ. ಪೇಪರ್ ತೆಗೆದರೆ ಮಾವಿನ ಸುಗ್ಗಿ, ರನ್ ಸುಗ್ಗಿ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧ ಮುಗಿದು ಮಲ್ಪೆಯ ಬೋಟುಗಳು ಕಡಲಿಗಿಳಿದರೆ ಮೀನಿನ ಸುಗ್ಗಿ. ಬಟ್ಟೆ ಅಂಗಡಿಯಲ್ಲಿ ರಿಯಾಯಿತಿ ಸುಗ್ಗಿ. ನಾನೂ ಹಾಗೇ ಮಾತಾಡುವವಳು, ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ಆದರೆ ಇಷ್ಟೆಲ್ಲ ಸುಗ್ಗಿಗಳ ನಡುವೆ ನಮ್ಮ ಬೈಲಿನಲ್ಲಿ ಸುಗ್ಗಿ ಬೆಳೆ ಇಲ್ಲ. ಕಟ್ಟ ಹಾಕಲು ಜನ ಸಿಗದೆ ಅದು ನಿಂತೇ ಹೋಯಿತು. ಏಣೆಲು ಕೊಯ್ದ ಮೇಲೆ ಆ ಗದ್ದೆಗೆ ಉದ್ದು ಬಿತ್ತುತ್ತಾರೆ, ಇಲ್ಲವೇ ಹಾಗೇ ಬಿಡುತ್ತಾರೆ. ಬೆಟ್ಟು ಗದ್ದೆಗಳಲ್ಲಂತೂ ಈಗ ಮನೆಗಳೇ ಎದ್ದಿವೆ.

ದೊಡ್ಡಪ್ಪನಿಗೆ ಇದನ್ನು ಹೇಳಿ ಗೋಳಾಡುವ ಅಭ್ಯಾಸ ಇಲ್ಲ. ಕೇಳಿದರೆ ಮಾತ್ರ ಹೇಳುತ್ತಾರೆ, ಅದೂ ಅರ್ಧ.

ಊಟದ ಹೊತ್ತಿಗೆ ಭಾವನೇ ಕೇಳಿದರು, "ನೀರಿದೆಯಲ್ಲ, ಮತ್ಯಾಕೆ ಸುಗ್ಗಿ ಬೆಳೆ ಬಿಟ್ಟಿದ್ದೀರಿ?"

"ನವೆಂಬರಿನಲ್ಲಿ ನೀವು ಬನ್ನಿ, ಕಟ್ಟ ಹಾಕುವ. ಒಂದು ವಾರದ ಕೆಲಸ."

ಭಾವ ಸಾರಿಗೆ ಕೈ ಚಾಚಿದರು. "ನವೆಂಬರ್‌ನಲ್ಲಿ ರಜೆ ಸಿಗೋದು ಕಷ್ಟ, ದೊಡ್ಡಪ್ಪ."