ಪವರ್ ಬಟನ್ ಒತ್ತುವುದಕ್ಕೆ ಮೊದಲು

ಊರಿನ ಗ್ರಂಥಾಲಯದ ಉದ್ದ ಮೇಜಿನ ಮೇಲೆ ಹಳೇ ಪೇಪರ್ ಹಾಸಿ ಲ್ಯಾಪ್‌ಟಾಪ್ ಇಟ್ಟಾಗ ಬೆಳಗ್ಗೆ ಹತ್ತು ಗಂಟೆ. 14 ಇಂಚಿನದು. ಯಾವುದೋ ಕಚೇರಿಯಲ್ಲಿ ನಾಲ್ಕು ವರ್ಷ ದುಡಿದು, ರಿಪೇರಿಯಾಗಿ ಮತ್ತೆ ಮಾರಾಟಕ್ಕೆ ಬಂದದ್ದು. ಬಿ.ಕಾಂ. ಮೊದಲ ವರ್ಷಕ್ಕೆ ಸೇರಿದ ಮಗಳಿಗೆ ಅಪ್ಪ ಕೊಡಿಸಿದ್ದರು. ಮೇಜಿನ ಸುತ್ತ ಅವರಿಬ್ಬರು, ಪಕ್ಕದ ಬೀದಿಯಲ್ಲಿ ಬಟ್ಟೆ ಹೊಲಿಯುವ ಅಕ್ಕ, ಮತ್ತೆ ನಿವೃತ್ತರಾದ ಮೇಷ್ಟ್ರು. ಕಲಿಸಲು ಕೂತವರು ನಾವು. ಹನ್ನೆರಡು ಗಂಟೆಯವರೆಗೆ ಪವರ್ ಬಟನ್ ಯಾರೂ ಮುಟ್ಟುವಂತಿಲ್ಲ ಎಂದು ಮೊದಲೇ ಮಾತಾಗಿತ್ತು.

ಕಂಪ್ಯೂಟರ್ ಕಲಿಸುವುದನ್ನು ಸಾಮಾನ್ಯವಾಗಿ ಪರದೆಯಿಂದ ಶುರು ಮಾಡುತ್ತಾರೆ. ಆದರೆ ರಿಪೇರಿ ಮೇಜಿಗೆ ಬರುವ ಎಷ್ಟೋ ಲ್ಯಾಪ್‌ಟಾಪ್‌ಗಳ ಒಳಗೆ ಏನೂ ಕೆಟ್ಟಿರುವುದಿಲ್ಲ. ಚಾರ್ಜಿಂಗ್ ತೂತು ಸಡಿಲಾಗಿರುತ್ತದೆ, ಪೆನ್‌ಡ್ರೈವ್ ಸಿಕ್ಕಿಸುವ ಯುಎಸ್‌ಬಿ ತೂತಿನೊಳಗಿನ ನಾಲಗೆ ಮುರಿದಿರುತ್ತದೆ, ಇಲ್ಲವೇ ಮಿಣುಕುವ ದೀಪ ಏನು ಹೇಳುತ್ತಿದೆ ಎಂದು ತಿಳಿಯದೆ ಹೊತ್ತು ತಂದಿರುತ್ತಾರೆ. ಲ್ಯಾಪ್‌ಟಾಪಿನ ಅಂಚನ್ನು ಒಂದು ಸಲ ಬೆರಳಾಡಿಸಿ ನೋಡಿಕೊಂಡರೆ ಅರ್ಧ ಖರ್ಚು ಉಳಿಯುತ್ತದೆ.

ಮೊದಲು ಕೈಗೆತ್ತಿಕೊಂಡದ್ದು ಚಾರ್ಜರ್. ಅದರ ಇಟ್ಟಿಗೆಯಂಥ ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಲು ಮೇಷ್ಟ್ರು ಕನ್ನಡಕ ಬದಲಿಸಿಕೊಂಡರು. ಇನ್‌ಪುಟ್ 100ರಿಂದ 240 ವೋಲ್ಟ್. ನಮ್ಮ ಮನೆಗಳ ಕರೆಂಟು 230 ವೋಲ್ಟ್, ಹಾಗಾಗಿ ಸಂಜೆ ಹೊತ್ತು ವೋಲ್ಟೇಜ್ ಇಳಿದು ಬಲ್ಬು ಮಂಕಾದರೂ ಈ ಡಬ್ಬಿ ತನ್ನ ಕೆಲಸ ಮಾಡುತ್ತಿರುತ್ತದೆ. ಔಟ್‌ಪುಟ್ 20 ವೋಲ್ಟ್, 3.25 ಆಂಪಿಯರ್. ಎರಡನ್ನೂ ಗುಣಿಸಿದರೆ 65 ವ್ಯಾಟ್. ಗುಂಡು ಪಿನ್ನಿನ ಬೇರೆ ಚಾರ್ಜರ್ ಕೊಳ್ಳುವಾಗ ವೋಲ್ಟ್ ಹಳೆಯದಕ್ಕೆ ಹೊಂದಬೇಕು. ಆಂಪಿಯರ್ ಅಷ್ಟೇ ಇರಬೇಕು ಅಥವಾ ಹೆಚ್ಚಿರಬೇಕು. ಆಂಪಿಯರ್ ಹೆಚ್ಚಿದ್ದರೆ ಲ್ಯಾಪ್‌ಟಾಪ್ ತನಗೆ ಬೇಕಾದಷ್ಟೇ ಎಳೆದುಕೊಳ್ಳುತ್ತದೆ. ಕಡಿಮೆಯಿದ್ದರೆ ಚಾರ್ಜರ್ ಬಿಸಿಯಾಗುತ್ತದೆ, ಬ್ಯಾಟರಿ ಏರುವುದಿಲ್ಲ.

ಪಿನ್ ಒಳಗೆ ಹೋಯಿತು ಎಂದಮಾತ್ರಕ್ಕೆ ಅದು ಆ ಲ್ಯಾಪ್‌ಟಾಪಿನ ಚಾರ್ಜರ್ ಅಲ್ಲ. ಗುಂಡು ಪಿನ್ನುಗಳಲ್ಲಿ 5.5 ಮಿಲಿಮೀಟರ್, 4.5 ಮಿಲಿಮೀಟರ್, 4 ಮಿಲಿಮೀಟರ್ ಹೀಗೆ ಬೇರೆ ಬೇರೆ ಗಾತ್ರಗಳಿವೆ. ಕೆಲವುದರ ನಟ್ಟನಡುವೆ ಸೂಜಿಯಷ್ಟು ತೆಳ್ಳಗಿನ ಇನ್ನೊಂದು ಪಿನ್ ಇರುತ್ತದೆ. ಚಾರ್ಜರ್ ಎಷ್ಟು ವ್ಯಾಟಿನದು ಎಂದು ಲ್ಯಾಪ್‌ಟಾಪಿಗೆ ತಿಳಿಸುವುದು ಅದೇ. ಅದು ಬಗ್ಗಿದರೆ ಲ್ಯಾಪ್‌ಟಾಪ್ ಓಡುತ್ತದೆ, ಬ್ಯಾಟರಿ ಮಾತ್ರ ಚಾರ್ಜ್ ಆಗುವುದಿಲ್ಲ. ಜನ ಸುಮ್ಮನೆ ಹೊಸ ಬ್ಯಾಟರಿ ಹಾಕಿಸಿಕೊಂಡು ಬರುತ್ತಾರೆ. ಚಾರ್ಜರ್ ಕೊಳ್ಳುವಾಗ ಲೇಬಲ್ ಮೇಲೆ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಗುರುತು, ಅದರ ಜೊತೆಗೆ ಆರ್ ಅಕ್ಷರದ ಮುಂದೆ ಎಂಟು ಅಂಕಿ ಇದೆಯೇ ನೋಡಿ.

"ನಮ್ಮನೇಲಿ ಮಗನ ಲ್ಯಾಪ್‌ಟಾಪು ಚಾರ್ಜಿಗೆ ಹಾಕಿದಾಗ ಮುಟ್ಟಿದ್ರೆ ಕೈ ಜುಮ್ ಅನ್ನುತ್ತೆ. ಅದು ಶಾಕ್ ಅಲ್ವಾ?" ಅಂದರು ಹೊಲಿಗೆ ಅಕ್ಕ.

ಪ್ಲಗ್ ಹೇಗಿದೆ ಎಂದು ಕೇಳಿದರೆ, ಗೋಡೆಯ ಸಾಕೆಟ್ ಎರಡು ಪಿನ್ನಿನದು, ಮೂರು ಪಿನ್ನಿನ ಪ್ಲಗ್ಗಿಗೆ ಕನ್ವರ್ಟರ್ ಸಿಕ್ಕಿಸಿದ್ದಾರೆ. ಅಲ್ಲಿಗೆ ಕಾರಣ ಸಿಕ್ಕಿತು. ಚಾರ್ಜರಿನೊಳಗೆ ಗೋಡೆ ಕರೆಂಟಿನ ಬದಿಯನ್ನೂ ಲ್ಯಾಪ್‌ಟಾಪಿನ ಬದಿಯನ್ನೂ ಜೋಡಿಸುವ ಪುಟ್ಟ ಕೆಪಾಸಿಟರ್, ಅಂದರೆ ಕರೆಂಟನ್ನು ಸ್ವಲ್ಪ ಹೊತ್ತು ಹಿಡಿದಿಡುವ ಬಿಡಿಭಾಗ, ಇರುತ್ತದೆ. ಅದರ ಮೂಲಕ ತೀರಾ ಸ್ವಲ್ಪ ಕರೆಂಟ್ ಸೋರುತ್ತದೆ. ಮೂರನೇ ದಪ್ಪ ಪಿನ್ ಇದ್ದರೆ ಆ ಸೋರಿಕೆ ಅರ್ಥಿಂಗಿಗೆ ಇಳಿಯುತ್ತದೆ. ಇಲ್ಲದಿದ್ದರೆ ಲೋಹದ ಮೈಯಲ್ಲೇ ಉಳಿದು, ಬರಿಗಾಲಲ್ಲಿ ನಿಂತು ಮುಟ್ಟಿದವರ ಮೂಲಕ ಇಳಿಯುತ್ತದೆ. ಜುಮ್ ಅನ್ನುವಷ್ಟೇ ಇದ್ದರೆ ಸಾಮಾನ್ಯವಾಗಿ ಅಪಾಯವಿಲ್ಲ, ಆದರೂ ಮೂರು ಪಿನ್ನಿನ ಸಾಕೆಟ್ಟಿಗೆ ಬದಲಿಸಿಕೊಳ್ಳಬೇಕು. ಸಾಕೆಟ್ ಮೂರು ಪಿನ್ನಿನದಾಗಿದ್ದೂ ಜುಮ್ ಅಂದರೆ ಮನೆಯ ಅರ್ಥಿಂಗ್ ಗುಂಡಿ ಒಣಗಿರಬಹುದು, ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕಬೇಕು. ಕೈ ಎಳೆದುಕೊಳ್ಳುವಂತೆ ಹೊಡೆದರೆ ಮಾತ್ರ ಆ ಚಾರ್ಜರ್ ಅಂದೇ ನಿಲ್ಲಿಸಿ ಎಲೆಕ್ಟ್ರಿಷಿಯನ್ನರನ್ನು ಕರೆಯಬೇಕು. ಅಕ್ಕ ಇದನ್ನು ಎರಡು ಸಲ ಕೇಳಿ ಖಚಿತ ಮಾಡಿಕೊಂಡರು.

ಆಮೇಲೆ ಎಡ ಅಂಚು. ಅಲ್ಲಿ ಮಾತ್ರೆಯ ಆಕಾರದ ಎರಡು ಪುಟ್ಟ ತೂತುಗಳು, ನೋಡಲು ಅವಳಿ ಜವಳಿ. ಇವು ಯುಎಸ್‌ಬಿ-ಸಿ. 2014ರಲ್ಲಿ ಬಂದ ವಿನ್ಯಾಸ. ಒಳಗೆ 24 ಸಂಪರ್ಕಗಳು ಮೇಲೆ ಕೆಳಗೆ ಸಮನಾಗಿ ಹಂಚಿರುವುದರಿಂದ ಹೇಗೆ ಸಿಕ್ಕಿಸಿದರೂ ಕೂರುತ್ತದೆ. ತೊಡಕಿರುವುದು ಬೇರೆ ಕಡೆ. ತೂತಿನ ಆಕಾರ ಒಂದೇ ಆದರೂ ಅದರ ಕೆಲಸ ಒಂದೇ ಅಲ್ಲ. ಒಂದು ತೂತು ಚಾರ್ಜ್ ತೆಗೆದುಕೊಂಡು, ಡೇಟಾ ಸಾಗಿಸಿ, ಹೊರಗಿನ ಪರದೆಗೂ ಚಿತ್ರ ಕೊಡಬಹುದು. ಇನ್ನೊಂದು ಬರೀ ಡೇಟಾಕ್ಕೆ ಇರಬಹುದು. ಪಕ್ಕದ ಚಿಹ್ನೆಯೇ ಆಧಾರ: ಪ್ಲಗ್ ಅಥವಾ ಬ್ಯಾಟರಿ ಗುರುತಿದ್ದರೆ ವಿದ್ಯುತ್ತಿಗೆ ಸಂಬಂಧಿಸಿದ್ದು, ಮಿಂಚಿನ ಬಾಣವಿದ್ದರೆ ಥಂಡರ್‌ಬೋಲ್ಟ್, ಅಂದರೆ ಡೇಟಾವನ್ನೂ ಚಿತ್ರವನ್ನೂ ವೇಗವಾಗಿ ಸಾಗಿಸುವ ಬಗೆ. ಎಷ್ಟೋ ತಯಾರಕರು ಏನನ್ನೂ ಅಚ್ಚು ಹಾಕುವುದಿಲ್ಲ. ಖಂಡಿತ ಹಾಕಬೇಕಿತ್ತು. ಚಿಹ್ನೆ ಇಲ್ಲದ ಕಡೆ ಆ ಮಾಡೆಲಿನ ಕೈಪಿಡಿ ತೆಗೆದು ನೋಡದೆ, ಟಿವಿ, ಪ್ರೊಜೆಕ್ಟರಿಗೆ ಚಿತ್ರ ಕಳಿಸುವ ಎಚ್‌ಡಿಎಂಐ ಕನ್ವರ್ಟರಿಗೆ ದುಡ್ಡು ಸುರಿಯಬಾರದು.

ಹುಡುಗಿಯ ಕೈಯಲ್ಲಿ ಫೋನಿನ ಚಾರ್ಜರ್ ಇತ್ತು, ತುದಿ ಅದೇ ಆಕಾರದ್ದು. "ಇದನ್ನ ಹಾಕಬಹುದಾ ಸರ್?" ಹಾಕಿದರೆ ಸುಡುವುದಿಲ್ಲ. ಯುಎಸ್‌ಬಿ-ಸಿಯಲ್ಲಿ ಮೊದಲು 5 ವೋಲ್ಟ್ ಮಾತ್ರ ಬರುತ್ತದೆ. ಚಾರ್ಜರೂ ಲ್ಯಾಪ್‌ಟಾಪೂ ತಮ್ಮೊಳಗೆ ಮಾತಾಡಿಕೊಂಡ ಮೇಲೆಯೇ 9, 15, 20 ವೋಲ್ಟಿಗೆ ಏರುವುದು. 18 ವ್ಯಾಟಿನ ಫೋನ್ ಚಾರ್ಜರ್ ಅಷ್ಟು ಕೊಡಲಾರದು, ಹಾಗಾಗಿ ಲ್ಯಾಪ್‌ಟಾಪ್ ಒಂದೋ ಅದನ್ನು ಒಪ್ಪುವುದಿಲ್ಲ, ಇಲ್ಲವೇ ಆಮೆಯಂತೆ ಏರುತ್ತದೆ. ಕೇಬಲ್ಲಿಗೂ ಮಿತಿಯುಂಟು. ಸಾಮಾನ್ಯ ಸಿ-ಯಿಂದ-ಸಿ ಕೇಬಲ್ 3 ಆಂಪಿಯರ್, ಅಂದರೆ ಹೆಚ್ಚೆಂದರೆ 60 ವ್ಯಾಟ್ ಸಾಗಿಸುತ್ತದೆ. ಅದಕ್ಕಿಂತ ಹೆಚ್ಚು ಬೇಕಾದರೆ ತುದಿಯಲ್ಲಿ ಪುಟ್ಟ ಚಿಪ್ ಇರುವ 5 ಆಂಪಿಯರಿನ ಕೇಬಲ್ಲೇ ಆಗಬೇಕು.

ಅದೇ ಅಂಚಿನ ಕೊನೆಯಲ್ಲಿ ಬಾಚಣಿಗೆಯ ಹಲ್ಲಿನಂಥ ಸೀಳುಗಳು. ಫ್ಯಾನ್ ಬಿಸಿಗಾಳಿ ಉಗುಳುವ ಜಾಗ. ತಣ್ಣನೆ ಗಾಳಿ ಒಳಹೋಗುವುದು ತಳದಿಂದ. ಲ್ಯಾಪ್‌ಟಾಪನ್ನು ಹಾಸಿಗೆ, ರಗ್ಗಿನ ಮೇಲಿಟ್ಟರೆ ತಳದ ಬಾಯಿ ಮುಚ್ಚುತ್ತದೆ. ದಪ್ಪ ರಟ್ಟಿನ ನೋಟ್‌ಬುಕ್ಕಾಗಲಿ ಮಣೆಯಾಗಲಿ ಕೆಳಗಿದ್ದರೆ ಸಾಕು.

ಬಲ ಅಂಚಿನಲ್ಲಿ ತೂತುಗಳ ಸಾಲೇ ಇದೆ. ಆಯತಾಕಾರದ ಎರಡು ಯುಎಸ್‌ಬಿ-ಎ. ಒಂದರ ಒಳನಾಲಗೆ ನೀಲಿ, ಇನ್ನೊಂದರದು ಕಪ್ಪು. ಈ ಲ್ಯಾಪ್‌ಟಾಪಿನಲ್ಲಿ ನೀಲಿಯದು ಸೆಕೆಂಡಿಗೆ 5 ಗಿಗಾಬಿಟ್, ಕಪ್ಪಿನದು 480 ಮೆಗಾಬಿಟ್. ಬಣ್ಣ ಬರೀ ರೂಢಿ, ಕಟ್ಟುನಿಟ್ಟಿನ ನಿಯಮವಲ್ಲ. ಪಕ್ಕದಲ್ಲಿ ಎಸ್‌ಎಸ್ ಎಂಬ ಗುರುತಿದ್ದರೆ ಅದನ್ನು ನಂಬಬಹುದು. ಮೌಸ್, ಕೀಬೋರ್ಡಿಗೆ ಕಪ್ಪು ಸಾಕು, ಪೆನ್‌ಡ್ರೈವ್, ಹಾರ್ಡ್ ಡಿಸ್ಕಿಗೆ ನೀಲಿ ಬಿಟ್ಟಿಟ್ಟುಕೊಳ್ಳಿ. ಸಿಕ್ಕಿಸುವಾಗ ಪ್ಲಗ್ಗಿನ ಮೇಲಿನ ತ್ರಿಶೂಲದ ಗುರುತು ಸಾಮಾನ್ಯವಾಗಿ ಮೇಲ್ಮುಖವಾಗಿರಬೇಕು. ತಿರುವುಮುರುವಾಗಿ ಒತ್ತಿದರೆ ಒಳನಾಲಗೆ ಮುರಿಯುತ್ತದೆ, ಬಗ್ಗಿದ ಸಂಪರ್ಕಗಳು ಒಂದಕ್ಕೊಂದು ತಾಗುತ್ತವೆ. ಎಷ್ಟೋ ಸಲ ಅಷ್ಟಕ್ಕೇ ಲ್ಯಾಪ್‌ಟಾಪ್ ಆನ್ ಆಗಲು ನಿರಾಕರಿಸುತ್ತದೆ.

ಮೇಷ್ಟ್ರು ತಮ್ಮ ಪೆನ್‌ಡ್ರೈವನ್ನು ಕಣ್ಣು ಕಿರಿದು ಮಾಡಿ ಸಿಕ್ಕಿಸಿದರು. ಸಲೀಸಾಗಿ ಹೋಯಿತು, ಆದರೆ ಬಿಗಿಯಾಗಿ ಕೂರದೆ ಒಳಗೆ ಅಲುಗಾಡುತ್ತಿತ್ತು. ಅದು ಹೋಗಿದ್ದು ಇಂಟರ್ನೆಟ್ ಕೇಬಲ್ ಹಾಕುವ ಲ್ಯಾನ್ ತೂತಿನೊಳಕ್ಕೆ. ಇದು ಬಹಳ ಜನರಿಗೆ ಆಗುವ ಎಡವಟ್ಟು. ಯುಎಸ್‌ಬಿ-ಎ ಪ್ಲಗ್ಗಿನ ಅಗಲವೂ ಲ್ಯಾನ್ ತೂತಿನ ಅಗಲವೂ ಹೆಚ್ಚುಕಮ್ಮಿ ಒಂದೇ, 12 ಮಿಲಿಮೀಟರ್ ಆಸುಪಾಸು. ಪೆನ್‌ಡ್ರೈವ್ ಮೆಲ್ಲಗೆ ನೇರವಾಗಿ ಎಳೆದು ಫೋನಿನ ಟಾರ್ಚ್ ಹಿಡಿದೆವು. ಒಳಗೆ ಎಂಟು ಚಿನ್ನದ ಬಣ್ಣದ ತಂತಿಗಳು ವೀಣೆಯ ತಂತಿಗಳ ಹಾಗೆ ಓರೆಯಾಗಿ, ಒಂದೇ ಅಂತರದಲ್ಲಿದ್ದವು. ಯಾವುದೂ ಬಗ್ಗಿರಲಿಲ್ಲ. ಬಗ್ಗಿದ್ದರೆ ಕೇಬಲ್ ಹಾಕಿದರೂ ಇಂಟರ್ನೆಟ್ ಬರದೇ ಇರಬಹುದಿತ್ತು. ಆ ತೂತಿನ ಮೂಲೆಯಲ್ಲಿ ಎರಡು ಪುಟ್ಟ ದೀಪಗಳಿವೆ: ಕೇಬಲ್ ಹಾಕಿದಾಗ ಒಂದು ಸ್ಥಿರವಾಗಿ ಉರಿದರೆ ಸಂಪರ್ಕ ಸಿಕ್ಕಿದೆ, ಇನ್ನೊಂದು ಮಿಣುಕುತ್ತಿದ್ದರೆ ಡೇಟಾ ಓಡಾಡುತ್ತಿದೆ. ಎರಡೂ ಆರಿದ್ದರೆ ಮೊದಲು ಕೇಬಲ್ ಬದಲಿಸಿ ನೋಡಬೇಕು.

ಎಚ್‌ಡಿಎಂಐ ತೂತಿನ ಕೆಳಗಿನ ಎರಡೂ ಮೂಲೆ ಒಳಕ್ಕೆ ಸರಿದಿರುತ್ತವೆ, ಒಳಗೆ 19 ಪಿನ್. ಪರದೆಗೇ ಇರುವ ಇನ್ನೊಂದು ಬಗೆಯ ತೂತು ಡಿಸ್‌ಪ್ಲೇಪೋರ್ಟಿನಲ್ಲಿ ಒಂದೇ ಮೂಲೆ ಕತ್ತರಿಸಿರುತ್ತದೆ; ಅದರ ಕೇಬಲ್ಲಿಗೆ ಕೊಕ್ಕೆಯಿದ್ದರೆ ಗುಂಡಿ ಒತ್ತಿಯೇ ಎಳೆಯಬೇಕು. ಕಾಲೇಜಿನ ಹಳೇ ಪ್ರೊಜೆಕ್ಟರುಗಳಿಗೆ 15 ಪಿನ್ನಿನ ವಿಜಿಎ ಬೇಕಾಗುತ್ತದೆ. ಈ ಲ್ಯಾಪ್‌ಟಾಪಿನಲ್ಲಿ ಅದಿಲ್ಲ, ಎಚ್‌ಡಿಎಂಐಯಿಂದ ವಿಜಿಎಗೆ ಬದಲಿಸುವ ಕನ್ವರ್ಟರ್ ಇಟ್ಟುಕೊಳ್ಳಬೇಕು.

ಹೆಡ್‌ಫೋನ್ ತೂತು ಒಂದೇ, 3.5 ಮಿಲಿಮೀಟರ್. ಮೈಕೂ ಅದರಲ್ಲೇ. ಪಿನ್ನಿನ ಮೇಲೆ ಮೂರು ಕಪ್ಪು ಗೆರೆಯಿದ್ದರೆ ಮೈಕ್ ಸೇರಿದೆ, ಎರಡಿದ್ದರೆ ಕೇಳುವುದಕ್ಕೆ ಮಾತ್ರ. ಮೆಮೊರಿ ಕಾರ್ಡಿನ ಸೀಳಿನಲ್ಲಿ ಧೂಳು ಹೋಗದಿರಲೆಂದು ಪ್ಲಾಸ್ಟಿಕ್ಕಿನ ಹುಸಿ ಕಾರ್ಡ್ ಇತ್ತು. ಒತ್ತಿದರೆ ಹೊರಗೆ ಬರುತ್ತದೆ. ಅದನ್ನು ತೆಗೆಯದೆ ನಿಜವಾದ ಕಾರ್ಡ್ ತುರುಕಬಾರದು. ಹಿಂಬದಿಯ 3 ಮಿಲಿಮೀಟರ್ ಎತ್ತರ, 7 ಮಿಲಿಮೀಟರ್ ಅಗಲದ ಸೀಳನ್ನು ಹುಡುಗಿಯ ಅಪ್ಪ ಬಹಳ ಹೊತ್ತು ನೋಡಿ, "ಇದಕ್ಕೇನು ಸಿಗಿಸೋದು?" ಅಂದರು. ಅದು ಬೀಗದ ಕಣ್ಣು. ಲ್ಯಾಪ್‌ಟಾಪನ್ನು ಉಕ್ಕಿನ ತಂತಿಯಲ್ಲಿ ಮೇಜಿಗೆ ಕಟ್ಟಿಹಾಕುವುದಕ್ಕೆ.

ತೂತುಗಳಲ್ಲಿ ಧೂಳು, ಚೀಲದ ನೂಲಿನ ಎಳೆ ಸೇರಿಕೊಂಡರೆ ಲ್ಯಾಪ್‌ಟಾಪ್ ಆಫ್ ಮಾಡಿ, ಚಾರ್ಜರ್ ತೆಗೆದು, ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ತೆಗೆಯಬೇಕು. ಲೋಹದ ಪಿನ್ನು, ಸೂಜಿ ಬೇಡ. ಬಾಯಿಂದ ಊದಿದರೆ ಎಂಜಲಿನ ಪಸೆ ಒಳಹೋಗುತ್ತದೆ, ಅದೂ ಬೇಡ.

ತಿರುಗಿಸಿ ಮಲಗಿಸಿದಾಗ ತಳದ ನಾಲ್ಕು ರಬ್ಬರ್ ಕಾಲುಗಳಲ್ಲಿ ಒಂದು ಬಿದ್ದುಹೋಗಿತ್ತು. ಬೆಳಗ್ಗೆಯಿಂದ ಮೇಜಿನ ಮೇಲೆ ಅದು ಕುಟುಕುಟು ಅನ್ನುತ್ತಿದ್ದದ್ದು ಅದಕ್ಕೇ. ಇಂಥ ಕಡೆ ಇನ್ನೊಂದು ಕಾರಣವನ್ನೂ ಪರೀಕ್ಷಿಸಲೇಬೇಕು, ಬ್ಯಾಟರಿ ಉಬ್ಬಿದ್ದರೂ ಹೀಗೇ ಅಲುಗುತ್ತದೆ. ತಳದ ಉದ್ದಕ್ಕೂ ಒಂದು ಸ್ಕೇಲ್ ನಿಲ್ಲಿಸಿ ಬೆಳಕಿಗೆ ಹಿಡಿದು ನೋಡಿದೆವು, ಮಟ್ಟವಾಗಿತ್ತು. ಟಚ್‌ಪ್ಯಾಡ್ ಮೇಲೆದ್ದಿದ್ದರೆ, ಅದರ ಕ್ಲಿಕ್ ಸತ್ತಿದ್ದರೆ, ಮುಚ್ಚಳ ಪೂರ್ತಿ ಕೂರದಿದ್ದರೆ ಬ್ಯಾಟರಿಯ ಮೇಲೆ ಅನುಮಾನ ಪಡಬೇಕು. ಆಗ ಚಾರ್ಜ್ ಮಾಡಬಾರದು, ಉಬ್ಬನ್ನು ಒತ್ತಬಾರದು, ಚುಚ್ಚಲೇಬಾರದು. ಲಿಥಿಯಂ ಬ್ಯಾಟರಿ ಬೆಂಕಿ ಹತ್ತಿದರೆ ಆರಿಸುವುದು ಕಷ್ಟ.

ಮುಚ್ಚಳ ತೆರೆಯುವಾಗ ಮೂಲೆ ಹಿಡಿದು ಎತ್ತಿದರೆ ಒಂದೇ ಕೀಲಿನ ಮೇಲೆ ಭಾರ ಬಿದ್ದು ವರ್ಷಾಂತರದಲ್ಲಿ ಬಿರುಕು ಬಿಡುತ್ತದೆ. ನಡುವೆ ಹಿಡಿಯಬೇಕು. ಪರದೆಯ ಮೇಲಂಚಿನಲ್ಲಿ ಕ್ಯಾಮೆರಾ, ಪಕ್ಕದಲ್ಲಿ ಅದರ ದೀಪ, ಆಚೀಚೆ ಸೂಜಿಮೊನೆಯಷ್ಟು ಎರಡು ತೂತು. ಅವು ಮೈಕು. ರೀಸೆಟ್ ತೂತು ಎಂದುಕೊಂಡು ಪಿನ್ ಚುಚ್ಚಿ ಮೈಕ್ ಹಾಳುಮಾಡಿದವರಿದ್ದಾರೆ. ರೀಸೆಟ್ ತೂತು ಕೆಲವು ಮಾಡೆಲುಗಳಲ್ಲಿ ಮಾತ್ರ ಇರುತ್ತದೆ, ಇದ್ದರೆ ಸಾಮಾನ್ಯವಾಗಿ ತಳದಲ್ಲಿ.

ಹನ್ನೆರಡಾಯಿತು. ಚಾರ್ಜರ್ ಸಿಕ್ಕಿಸಿದ ಕೂಡಲೇ ಅಂಚಿನಲ್ಲಿ ಕಿತ್ತಳೆ ದೀಪ ಹೊತ್ತಿತು. ಇದರಲ್ಲಿ ಕಿತ್ತಳೆ ಎಂದರೆ ಚಾರ್ಜ್ ಆಗುತ್ತಿದೆ, ಬಿಳಿ ಎಂದರೆ ತುಂಬಿದೆ. ಕಂಪನಿಯಿಂದ ಕಂಪನಿಗೆ ಬಣ್ಣ ಬದಲಾಗುತ್ತದೆ. ಹಲವು ಥಿಂಕ್‌ಪ್ಯಾಡ್ ಲ್ಯಾಪ್‌ಟಾಪುಗಳಲ್ಲಿ ಮುಚ್ಚಳದ ಹೆಸರಿನ ಮೇಲಿರುವ ಕೆಂಪು ಚುಕ್ಕೆಯೇ ದೀಪ, ನಿದ್ದೆಯಲ್ಲಿರುವಾಗ ನಿಧಾನವಾಗಿ ಮಿಣುಕುತ್ತದೆ. ಹುಡುಗಿ ಬಟನ್ ಒತ್ತಿದಳು, ಬಟನ್ನಿನದೇ ಬಿಳಿ ದೀಪ ಬಂತು, ಪರದೆ ಬೆಳಗಿತು.

ಒಂದು ನಿಮಿಷವೂ ಆಗಿರಲಿಲ್ಲ, ಪರದೆ ಕಪ್ಪಾಯಿತು. ಅಪ್ಪನ ಮುಖ ಸಪ್ಪಗಾಯಿತು. ಮತ್ತೆ ಬಟನ್ ಒತ್ತಿದರೆ ಬಂತು, ಮತ್ತೆ ಹೋಯಿತು. ಬಟನ್ನಿನ ದೀಪ ನೋಡಿ ಎಂದೆವು. ಆರಿರಲಿಲ್ಲ, ಉಸಿರಾಡುವ ಹಾಗೆ ಏರುತ್ತ ಇಳಿಯುತ್ತ ಇತ್ತು. ಅಂದರೆ ಕೆಟ್ಟಿಲ್ಲ, ನಿದ್ದೆಗೆ ಹೋಗಿದೆ. ಯಾರೂ ಮುಚ್ಚಳ ಮುಚ್ಚದೆ ನಿದ್ದೆಗೇಕೆ ಹೋಯಿತು? ಕೀಬೋರ್ಡಿನ ಕೆಳಗೆ, ಅಂಗೈ ಊರುವ ಜಾಗದಲ್ಲಿ ಅಪ್ಪನ ಫೋನ್ ಇತ್ತು, ಪುಸ್ತಕದಂತೆ ಮಡಚುವ ಕವರಿನ ಸಮೇತ. ಆ ಕವರಿನ ಕಿವಿಯಲ್ಲಿ ಅಯಸ್ಕಾಂತ. ಲ್ಯಾಪ್‌ಟಾಪಿನ ಮುಚ್ಚಳದ ಅಂಚಿನಲ್ಲೂ ಒಂದು ಅಯಸ್ಕಾಂತವಿರುತ್ತದೆ. ಅದು ಹತ್ತಿರ ಬಂದಾಗ ಕೆಳಗಿನ ಸೆನ್ಸರ್ ಮುಚ್ಚಳ ಮುಚ್ಚಿತು ಎಂದು ತಿಳಿಯುತ್ತದೆ. ಫೋನ್ ಎತ್ತಿ ಬೆಂಚಿನ ಮೇಲಿಟ್ಟ ಮೇಲೆ ಪರದೆ ಆರಲಿಲ್ಲ. ಹುಡುಗಿ ಫೋನನ್ನು ಮತ್ತೆ ಅಲ್ಲಿಗೆ ತಂದು, ಕಪ್ಪಾದದ್ದನ್ನು ತಾನೇ ನೋಡಿ, ಎತ್ತಿಕೊಂಡಳು.

ಪರದೆ ನಿಜವಾಗಿಯೂ ಕೈಕೊಟ್ಟರೆ? ಕ್ಯಾಪ್ಸ್ ಲಾಕ್ ಕೀ ಒತ್ತಿ. ಅದರ ದೀಪ ಹತ್ತಿ ಆರುತ್ತಿದ್ದರೆ ಯಂತ್ರ ಬದುಕಿದೆ, ತೊಂದರೆ ಬಹುಪಾಲು ಪರದೆಯದ್ದು. ಎಚ್‌ಡಿಎಂಐಗೆ ಟಿವಿ ಸಿಕ್ಕಿಸಿ ನೋಡಿ. ಏನೂ ಆಗದಿದ್ದರೆ ಪವರ್ ಬಟನ್ ಹತ್ತು ಹದಿನೈದು ಸೆಕೆಂಡು ಒತ್ತಿ ಹಿಡಿದು ಆಫ್ ಮಾಡಿ ಮತ್ತೆ ಹಾಕಿ. ಉಳಿಸದ ಕೆಲಸ ಹೋಗುತ್ತದೆ, ನೆನಪಿರಲಿ. ಆನ್ ಮಾಡುವಾಗ ದೀಪ ಲೆಕ್ಕ ಹಾಕಿದ ಹಾಗೆ ಮಿಣುಕಿ, ನಿಂತು, ಮತ್ತೆ ಮಿಣುಕಿದರೆ ಅದು ದೋಷದ ಸಂಖ್ಯೆ. ಫೋನಿನಲ್ಲಿ ವಿಡಿಯೊ ಮಾಡಿಕೊಂಡು ಹೋದರೆ ರಿಪೇರಿಯವರಿಗೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಎರಡು ಗಂಟೆಗೆ ಮುಚ್ಚಿಟ್ಟೆವು. ಹುಡುಗಿ ವೈರು ಹಿಡಿದು ಎಳೆಯದೆ ಪ್ಲಗ್ಗನ್ನೇ ಹಿಡಿದು ತೆಗೆದಳು, ವೈರನ್ನು ಡಬ್ಬಿಗೆ ಬಿಗಿದು ಸುತ್ತದೆ ಸಡಿಲವಾಗಿ ಮಡಚಿದಳು. ಅಪ್ಪ ಗೋಡೆಯ ಸ್ವಿಚ್ ಆರಿಸಿದರು.

"ಸ್ವಿಚ್ ಆಫ್ ಮಾಡಿದ್ರೂ ಡಬ್ಬಿ ಮೇಲೆ ದೀಪ ಉರೀತಾನೇ ಇದೆಯಲ್ಲಪ್ಪ" ಅಂದರು ಹೊಲಿಗೆ ಅಕ್ಕ.

ಒಳಗಿನ ಕೆಪಾಸಿಟರಿನಲ್ಲಿ ಉಳಿದ ಕರೆಂಟು ಖಾಲಿಯಾಗುವವರೆಗೆ ಇರುತ್ತದಕ್ಕ ಎಂದೆವು. ನಾಲ್ವರೂ ಬಗ್ಗಿ ನೋಡುತ್ತಿದ್ದಂತೆ ದೀಪ ಮಂಕಾಗುತ್ತ ಬಂದು, ಆರಿತು.